ಟಿಫನ್ ಡಬ್ಬಿಯಲ್ಲಿ ಐದು ಮೊಟ್ಟೆ

ಕಾಗದದ ಮೇಲೆ ನೋಡಿದರೆ ಪಿಳ್ಳಣ್ಣನ ಮನೆಯಲ್ಲಿ ಒಂದೇ ಒಂದು ಕೋಳಿ ಇರಲಿಲ್ಲ. ಇಪ್ಪತ್ತಾರು ವರ್ಷ, ಪ್ರತಿ ಜನವರಿಯಲ್ಲಿ, "ನನ್ನ ಮನೆಯಲ್ಲಾಗಲಿ ಹಿತ್ತಿಲಲ್ಲಾಗಲಿ ಕೋಳಿ, ಬಾತು, ಪಾರಿವಾಳ ಯಾವುದನ್ನೂ ಸಾಕಿಲ್ಲ" ಎಂದು ಬರೆದ ಹಾಳೆಗೆ ಆತ ದುಂಡಗೆ ಸಹಿ ಹಾಕಿ ಕೊಟ್ಟಿದ್ದ. ಹೆಬ್ಬಾಳದ ಕಡೆಯ ಒಂದು ಕೋಳಿ ಸಂಶೋಧನಾ ಕೇಂದ್ರದಲ್ಲಿ ಆತ ಅಟೆಂಡರ್. ಕೇಂದ್ರದ ಹೆಸರು ನನಗೂ ಬೇಡ, ನಿಮಗೂ ಬೇಡ. ಹೊರಗಿನ ಕೋಳಿಯ ರೋಗ ಕೆಲಸಗಾರರ ಬಟ್ಟೆ, ಚಪ್ಪಲಿಗೆ ಅಂಟಿಕೊಂಡು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು, ಅದಕ್ಕೇ ಆ ನಿಯಮ. ನಿಯಮವೇನೋ ಸರಿ. ಆದರೆ ಹೆಸರಘಟ್ಟದ ಆಚೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವನ ಹಿತ್ತಿಲಲ್ಲಿ ಕೋಳಿ ಇಲ್ಲ ಅಂದರೆ ಯಾರು ನಂಬುತ್ತಾರೆ ಹೇಳಿ? ಸಾಹೇಬರೂ ನಂಬುತ್ತಿರಲಿಲ್ಲ. ಅವರಿಗೆ ಕಾಗದ ಬೇಕಿತ್ತು, ಕಾಗದ ಸಿಗುತ್ತಿತ್ತು.

"ಕೋಳಿ ನಂದಲ್ಲ ಮಾರಾಯ, ಗಂಗರತ್ನಂದು," ಎಂದು ಆತ ಜೊತೆಗಾರ ಗುಲಾಮ್ ರಸೂಲನಿಗೆ ಹೇಳಿ ನಗುತ್ತಿದ್ದ. ಗಂಗರತ್ನಮ್ಮ ಆತನ ಹೆಂಡತಿ. ಆಕೆಯ ಕೋಳಿಗಳಿಗೆ ಹೆಸರಿದ್ದವು, ಜಗಳವಿತ್ತು, ಅಡುಗೆಮನೆಯ ತನಕ ಸಲಿಗೆ ಇತ್ತು.

ಪಿಳ್ಳಣ್ಣನ ಕೆಲಸ ಮೊಟ್ಟೆ ನೋಡುವುದು. ಕಾವಿನ ಪೆಟ್ಟಿಗೆಯಲ್ಲಿ ಏಳು ದಿನ ಇಟ್ಟ ಮೊಟ್ಟೆಗಳನ್ನು ಕತ್ತಲೆ ಕೋಣೆಗೆ ತಂದು ಬಲ್ಬಿನ ಮುಂದೆ ಒಂದೊಂದಾಗಿ ಹಿಡಿಯಬೇಕು. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವವಿದೆ. ಬರೀ ಹಳದಿ ಬೆಳಕು ಕಂಡರೆ ಬರಡು. ಆತನ ಕೈ ಎಷ್ಟು ಪಳಗಿತ್ತೆಂದರೆ, ಬಲ್ಬಿಗೆ ಹಿಡಿಯುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು. ಬರಡು ಮೊಟ್ಟೆಯನ್ನು ಅಟೆಂಡರುಗಳು ಮನೆಗೆ ಒಯ್ಯುವುದು ಅಲ್ಲಿ ಹಿಂದಿನಿಂದ ಬಂದ ರೂಢಿ. ಕೇಂದ್ರದ ಅರ್ಧ ಜನರ ಮಕ್ಕಳು ಆ ಆಮ್ಲೆಟ್ ತಿಂದೇ ಎಸ್ಸೆಸ್ಸೆಲ್ಸಿ ದಾಟಿದ್ದು. ಸಂಜೆ ಅಟೆಂಡರನ ಟಿಫನ್ ಡಬ್ಬಿ ಭಾರವಾಗಿದ್ದರೆ ಗೇಟಿನವನು ಕತ್ತು ಎತ್ತಿಯೂ ನೋಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಫಾಯಿಜಾ ಮೇಡಂ ಬಂದರು. ಆರ್.ಟಿ. ನಗರದವರು, ಮೂವತ್ತಮೂರು ವಯಸ್ಸು, ಮಾತು ಕಮ್ಮಿ, ಕೆಲಸ ಜಾಸ್ತಿ. ಅವರ ಕೋಣೆಗೆ ದಿನಾ ಜನ: ಕಂಪ್ಯೂಟರಿನವರು, ಜೀನು ತಿದ್ದುವವರು, ಪಶುವೈದ್ಯರು, ಮನುಷ್ಯರ ಡಾಕ್ಟರುಗಳು. ಒಂದು ದಿನ ಮಫ್ತಿ ಪೊಲೀಸರಂತೆ ಕಾಣುವ ಇಬ್ಬರು ಬಂದು, ಇಂಥದ್ದು ಕೆಟ್ಟವರ ಕೈಗೆ ಸಿಕ್ಕರೆ ಗತಿಯೇನು ಎಂದು ಎರಡು ಗಂಟೆ ವಿಚಾರಿಸಿ, ಕಾಫಿ ಕುಡಿದು ಹೋದರು. ಆಮೇಲೆ ಬಾಗಿಲಿಗೆಲ್ಲ ಬೆರಳಚ್ಚಿನ ಬೀಗ ಬಂತು, ಮೂಲೆಮೂಲೆಗೆ ಕ್ಯಾಮೆರಾ ಬಂತು. ಕಳ್ಳನಿಗೆ, ಹ್ಯಾಕರಿಗೆ, ಶತ್ರುದೇಶಕ್ಕೆ ಎಲ್ಲರಿಗೂ ಬೀಗ ಹಾಕಿದರು. ಪಿಳ್ಳಣ್ಣನ ಟಿಫನ್ ಡಬ್ಬಿ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

"ಏನ್ ಮಾಡ್ತಿದೀರಿ ಮೇಡಂ ಇದರಲ್ಲಿ?" ಎಂದು ಆತ ಒಮ್ಮೆ ಕೇಳಿದ್ದ.

"ಕೋಳಿಜ್ವರದ ವೈರಸ್‌ಗೆ ಕೋಳಿ ಮೈಯೊಳಗೆ ಹೋಗಿ ಕೂರೋಕೆ ಒಂದು ಬಾಗಿಲು ಬೇಕು ಪಿಳ್ಳಣ್ಣ. ನಾವು ಮೊಟ್ಟೆಯಲ್ಲಿರೋವಾಗ್ಲೇ ಆ ಬಾಗಿಲಿನ ಚಿಲಕ ಬದಲಾಯಿಸ್ತಿದೀವಿ."

"ಹಂಗಾದ್ರೆ ಬೇನೆ ಬರಲ್ವಾ?"

"ಬರಬಾರದು. ಆದ್ರೆ ಬೇರೆ ಏನಾದ್ರೂ ಆಗುತ್ತೇನೋ ಇನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೂ ಈ ಕಾಂಪೌಂಡಿಂದ ಒಂದು ಗರಿ ಕೂಡ ಆಚೆ ಹೋಗ್ಬಾರ್ದು. ಬರಡು ಮೊಟ್ಟೆ ಕೂಡ."

ಆತ ತಲೆಯಾಡಿಸಿದ. ಬೇನೆ ಬರದ ಕೋಳಿ ಎಂಬುದೊಂದು ಮಾತು ಮಾತ್ರ ಆತನ ಮನಸ್ಸಿನಲ್ಲಿ ಉಳಿಯಿತು. ಉಳಿಯದೆ ಏನು? ಹಳ್ಳಿಯಲ್ಲಿ ಬೇನೆ ಬಂದ ವರ್ಷ ಕೋಳಿಗಳು ಬೆಳಗಾಗುವಷ್ಟರಲ್ಲಿ ಕತ್ತು ತಿರುಚಿಕೊಂಡು ಬಿದ್ದಿರುವುದನ್ನು ಚಿಕ್ಕಂದಿನಿಂದ ನೋಡಿದವನು ಆತ.

ಒಂದು ಶನಿವಾರ ರಸೂಲ್ ತನ್ನ ಅಣ್ಣನ ಮಗಳ ಮದುವೆಗೆಂದು ಯಲಹಂಕಕ್ಕೆ ಹೋಗಿದ್ದ. ಬೇಡದ ಮೊಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ನಾಶ ಮಾಡುವ ದೊಡ್ಡ ಯಂತ್ರ ಒಂದಿದೆ. ಅಟೆಂಡರುಗಳ ಬಾಯಲ್ಲಿ ಅದು ಕುಕ್ಕರ್. ಕುಕ್ಕರ್ ತುಂಬುವುದು ಯಾವಾಗಲೂ ರಸೂಲನ ಪಾಲಿನ ಕೆಲಸ. ಆತ ಕಣ್ಣು ಬೇರೆ ಕಡೆ ತಿರುಗಿಸಿ, ಕೆಮ್ಮುತ್ತಾ, ಸರಸರ ತುಂಬಿ ಮುಚ್ಚಳ ಹಾಕಿಬಿಡುತ್ತಿದ್ದ. ಆವತ್ತು ಪಿಳ್ಳಣ್ಣನೇ ತುಂಬಬೇಕಾಯಿತು. ನಲವತ್ತು ಮರಿಗಳಿಗೆ ಮಾತ್ರ ಅನುಮತಿ ಎಂದು ಮೇಲಿನಿಂದ ಪತ್ರ ಬಂದದ್ದು ತಡವಾಗಿ. ಹೆಚ್ಚಿಗೆ ಉಳಿದವು ಮೂವತ್ತೊಂದು ಮೊಟ್ಟೆ, ಇಪ್ಪತ್ತನೆಯ ದಿನದವು. ನಾಳೆ ಚಿಪ್ಪು ಒಡೆಯಬೇಕಾದವು.

ಟ್ರೇ ಎತ್ತಿದ. ಒಳಗಿನಿಂದ ಚೀಂವ್ ಎಂದಿತು.

ಇಪ್ಪತ್ತನೆಯ ದಿನ ಮರಿ ಚಿಪ್ಪಿನೊಳಗಿಂದಲೇ ಕೂಗುತ್ತದೆ, ತಾಯಿಕೋಳಿ ಹೊರಗಿನಿಂದ ಗುಟುರು ಹಾಕಿ ಉತ್ತರ ಕೊಡುತ್ತದೆ. ಇದು ಪಿಳ್ಳಣ್ಣನಿಗೆ ಗೊತ್ತಿಲ್ಲದ ವಿಷಯವಲ್ಲ. ಒಂದು ಕೂಗಿತು, ಪಕ್ಕದ್ದು ಕೂಗಿತು, ಆಮೇಲೆ ಇಡೀ ಟ್ರೇ ಕೂಗಿತು. ಅಯ್ಯೋ ಶಿವನೇ ಅಂದುಕೊಂಡ. ಮನೆಯಲ್ಲಿ ಕೆಂಪಿ ಎಂಬ ಕೋಳಿ ಖಾಲಿ ಮಂಕರಿಯಲ್ಲಿ ಕಾವಿಗೆ ಕೂತಿತ್ತು. ಅದರ ಮೊಟ್ಟೆಯನ್ನೆಲ್ಲ ಮುಂಗುಸಿ ತಿಂದು ಹೋಗಿತ್ತು. ಆದರೂ ಏಳದೆ ಮಂಕರಿ ತಳದ ಬರೀ ಬೂದಿಗೆ ಕಾವು ಕೊಡುತ್ತಿತ್ತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಆತನ ಅವ್ವ ಹೇಳುತ್ತಿದ್ದಳು, ಗಂಗರತ್ನಮ್ಮನೂ ಅದನ್ನೇ ಹೇಳಿ ಬಿಟ್ಟಿದ್ದಳು.

ಐದು ಮೊಟ್ಟೆ ಡಬ್ಬಿಗೆ ಹೋದವು. ಇಪ್ಪತ್ತಾರು ಕುಕ್ಕರಿಗೆ. ರಿಜಿಸ್ಟರಿನಲ್ಲಿ "ನಾಶಪಡಿಸಿದ್ದು: 31" ಎಂದು ಬರೆದು ಕೆಳಗೆ ದುಂಡಗೆ ಸಹಿ ಹಾಕಿದ. ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಹೊಟ್ಟೆಗೆ ಒತ್ತಿಕೊಂಡು, ಕೊಡಿಗೇಹಳ್ಳಿ, ಎಂ.ಎಸ್. ಪಾಳ್ಯದ ಒಂದೊಂದು ರಸ್ತೆ ಉಬ್ಬಿಗೂ ಮೊಪೆಡ್ಡಿನಿಂದ ಇಳಿದು ತಳ್ಳಿಕೊಂಡು ಮನೆ ಸೇರಿದ. ದಾರಿಯುದ್ದಕ್ಕೂ ಆತನಿಗೆ ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಸಂತೋಷವೇ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಆತನನ್ನು ತಿಂದದ್ದು ಆ ಸಂತೋಷವೇ.

ನಾಲ್ಕು ಮರಿ ಆದವು. ಒಂದು ಹುಂಜ, ಮೂರು ಹ್ಯಾಟೆ. ಹುಂಜ ಬೆಳೆದು ಬೇರೆ ಹುಂಜಗಳನ್ನು ಅಂಗಳಕ್ಕೆ ಸೇರಿಸದ ರೌಡಿಯಾಯಿತು. ಹ್ಯಾಟೆಗಳು ಮೊಟ್ಟೆಯಿಟ್ಟು ಮರಿ ಮಾಡಿ, ಆ ಮರಿಗಳೂ ಮರಿ ಮಾಡಿದವು. ಮರುವರ್ಷ ಯುಗಾದಿ ಮುಗಿದು ಬಿಸಿಲು ಏರುವಾಗ ಊರಿಗೆ ಬೇನೆ ಬಂತು. ಎಂಟು ದಿನದಲ್ಲಿ ಹಟ್ಟಿಗೆ ಹಟ್ಟಿ ಖಾಲಿ. ಕೆಂಪಿಯೂ ಹೋಯಿತು. ಆದರೆ ಕೆಂಪಿ ಸಾಕಿದ ಆ ನಾಲ್ಕಾಗಲಿ, ಅವುಗಳ ಸಂತಾನವಾಗಲಿ, ಒಂದೂ ತಲೆ ಬಗ್ಗಿಸಲಿಲ್ಲ.

"ಗಂಗರತ್ನಮ್ಮನ ಕೈಗುಣ ನೋಡ್ರವ್ವಾ!" ಅಂದಿತು ಊರು. ಆಕೆಯಾದರೂ ಏನು ಕಮ್ಮಿಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲ್ಲಿಕಾಯಿ ಗಾತ್ರದ ಬೆಲ್ಲ, ಅರಿಶಿನ, ಬೆಳ್ಳುಳ್ಳಿ ಎಂದು ಕೇಳಿದವರಿಗೆಲ್ಲ ಔಷಧಿ ಹೇಳಿದಳು. ಪಿಳ್ಳಣ್ಣ ಮೂಲೆಯಲ್ಲಿ ಕೂತು ಮೀಸೆಯೊಳಗೆ ನಕ್ಕ. ನಮ್ಮ ಕಡೆ ಕೋಳಿಯನ್ನು ವಾರಕ್ಕೆ ಕೊಡುವ ಪದ್ಧತಿ ಇದೆ: ಕೋಳಿ ನನ್ನದು, ಸಾಕುವುದು ನೀನು, ಮರಿಯಲ್ಲಿ ಅರ್ಧ ಅರ್ಧ. ಹಾಗೆ ಗಂಗರತ್ನಮ್ಮನ ಕೋಳಿ ಹನ್ನೊಂದು ಮನೆ ಸೇರಿತು. ಹತ್ತು ಮನೆ ಊರಲ್ಲೇ, ಒಂದು ರಾಜಾನುಕುಂಟೆಯಲ್ಲಿ, ಆಕೆಯ ತಂಗಿ ಮನೆ.

ಹನ್ನೊಂದನೆಯವರಾಗಿ ಕೇಳಿದ್ದು ಪಕ್ಕದ ಮನೆಯ ನಾರಾಯಣಮ್ಮ. ಅರವತ್ತು ದಾಟಿದ ವಿಧವೆ, ಒಂಟಿ ಜೀವ, ಬಾಯಿ ಜೋರು, ಮನಸ್ಸು ಬೆಣ್ಣೆ. ಬೇನೆಯಲ್ಲಿ ಎಲ್ಲ ಕಳೆದುಕೊಂಡು, ಉಳಿದ ಹತ್ತು ಮನೆಯವರಂತೆ ವಾರದ ಕೋಳಿಯನ್ನಷ್ಟೇ ನಂಬದೆ, ಸಂತೆಯಿಂದ ಹೊಸದಾಗಿ ಹದಿನಾಲ್ಕು ಕೋಳಿ ತಂದಿದ್ದರು. "ಪಿಳ್ಳಣ್ಣಾ, ನಿನ್ನ ಹುಂಜನ ಮರೀಲಿ ಒಂದ್ ಹುಂಜನ್ನ ವಾರಕ್ಕೆ ಕೊಡಪ್ಪಾ. ನನ್ ಹಟ್ಟೀಲೂ ಅದರ ವಂಶ ಬೆಳೀಲಿ," ಅಂದರು. ಪಿಳ್ಳಣ್ಣ ತಾನೇ ಹಿಡಿದು, ತಾನೇ ಅವರ ಕಂಕುಳಿಗೆ ಕೊಟ್ಟ.

ಹತ್ತನೆಯ ದಿನ ಬೆಳಿಗ್ಗೆ ನಾರಾಯಣಮ್ಮನ ಕೂಗು ಕೇಳಿ ಓಡಿದ. ಹದಿನಾಲ್ಕು ಕೋಳಿಯೂ ಸತ್ತು ಬಿದ್ದಿದ್ದವು. ಅವುಗಳ ನಡುವೆ ಆ ಹುಂಜ ಕತ್ತು ನಿಗುರಿಸಿ ಕೊಕ್ಕೊಕ್ಕೋ ಎಂದು ಕೂಗಿತು. ಊರಲ್ಲಿ ಬೇರೆಲ್ಲೂ ಬೇನೆ ಇರಲಿಲ್ಲ.

"ನನ್ ಅಣೆಬರ ಇಂಗೈತೆ ನೋಡಪ್ಪಾ," ಎಂದು ನಾರಾಯಣಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಸತ್ತವನ್ನು ಒಂದೊಂದಾಗಿ ಎತ್ತಿ ಮಂಕರಿಗೆ ಹಾಕಿದರು. ಬರಿಗೈಯಲ್ಲಿ. ಪಿಳ್ಳಣ್ಣ ಬೇಡ ಅನ್ನಲು ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಬಾಯಿ ಮುಚ್ಚಿದ.

ಸೋಮವಾರ ಕೆಲಸಕ್ಕೆ ಹೋದಾಗ ಫಾಯಿಜಾ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಕಣ್ಣು ಕೆಂಪಾಗಿತ್ತು. ನಿನ್ನೆ ಭಾನುವಾರ, ಕೇಂದ್ರದ ನಲವತ್ತು ಕೋಳಿಗಳನ್ನೂ ಕೊಂದು ಮುಗಿಸಿದ್ದರು.

"ಯಾಕೆ ಮೇಡಂ? ಚೆನ್ನಾಗೇ ಇದ್ವಲ್ಲ?"

"ಅದೇ ತೊಂದರೆ ಪಿಳ್ಳಣ್ಣ. ಚೆನ್ನಾಗೇ ಇದ್ವು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾವು ಚಿಲಕ ಬದಲಾಯಿಸಿದ್ವಿ ಅಲ್ವಾ, ವೈರಸ್ ಹೊರಗೇ ನಿಲ್ಲಲಿಲ್ಲ. ಕಿಟಕಿ ಹುಡುಕ್ಕೊಳ್ತು. ಕೋಳಿಗೆ ಜ್ವರ ಬರಲ್ಲ, ಸಾಯಲ್ಲ, ಆದ್ರೆ ಮೈತುಂಬ ಅದನ್ನ ಇಟ್ಕೊಂಡು ಓಡಾಡುತ್ತೆ. ಪಕ್ಕದಲ್ಲಿ ಮಾಮೂಲಿ ಕೋಳಿ ಬಿಟ್ರೆ ಅವು ಸಾಯ್ತವೆ. ಸಾಯೋ ಕೋಳಿ ಆದ್ರೆ ಜನಕ್ಕೆ ಗೊತ್ತಾಗುತ್ತೆ, ಹುಷಾರಾಗ್ತಾರೆ. ಇವು ಗುಟ್ಟು ಬಿಟ್ಟುಕೊಡಲ್ಲ. ಒಳಗೇ ವೈರಸ್ ಹೊಸ ಹೊಸ ಆಟ ಕಲೀತಾ ಇರುತ್ತೆ. ಮನುಷ್ಯರಿಗೆ ಹತ್ತೋದನ್ನೂ ಕಲೀಬಹುದು."

ಪಿಳ್ಳಣ್ಣನ ಕಣ್ಣು ಮೇಜಿನ ಮೇಲಿದ್ದ ರಿಜಿಸ್ಟರಿಗೆ ಹೋಯಿತು. 

ಮೇಡಂ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಅಲ್ಲಾ ದೊಡ್ಡವನು, ಒಂದೂ ಆಚೆ ಹೋಗಿಲ್ಲ. ಬೇರೆ ಯಾರಾದ್ರೂ ಬರೆದಿದ್ರೆ ನಂಗೆ ಅನುಮಾನ ಇರ್ತಿತ್ತು. ನಿಮ್ಮ ಸಹಿ ನೋಡಿದ್ಮೇಲೆ ನಿನ್ನೆ ನಿದ್ದೆ ಬಂತು ಪಿಳ್ಳಣ್ಣ."

ಆಗ ಹೇಳಬೇಕಿತ್ತು. ಅಲ್ಲಿಯೇ, ಆ ಕ್ಷಣದಲ್ಲೇ. ಹೇಳಲಿಲ್ಲ. ಕಾಫಿ ತರಲಾ ಮೇಡಂ ಎಂದು ಕೇಳಿದ, ಪುಣ್ಯಾತ್ಮ! ತಂದೂ ಕೊಟ್ಟ.

ಮಧ್ಯಾಹ್ನ ರಸೂಲನ ಜೊತೆ ಊಟಕ್ಕೆ ಕೂತವನು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ರಸೂಲನಿಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ರಸೂಲ್ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ವಾಪಸ್ ಇಟ್ಟ.

"ಅರೇ ಯಾರ್, ನಾನು ಯಾಕೆ ಕೆಮ್ಮುತ್ತಾ ತುಂಬ್ತೀನಿ ಗೊತ್ತಾ ನಿಂಗೆ? ಆ ಸದ್ದು ಕೇಳ್ಬಾರ್ದು ಅಂತ. ನಂಗೂ ಕೇಳುತ್ತೆ ಗುರು. ನೀನೊಬ್ನೇ ಮನುಷ್ಯ ಅಂದ್ಕೊಂಡ್ಯಾ?"

ಪಿಳ್ಳಣ್ಣನಿಗೆ ಇಷ್ಟು ವರ್ಷ ರಸೂಲನನ್ನು ಕಲ್ಲೆದೆಯವನು ಎಂದು ಒಳಗೊಳಗೇ ಅಂದುಕೊಂಡಿದ್ದು ನೆನಪಾಗಿ ನಾಚಿಕೆಯಾಯಿತು.

"ಹೇಳ್ಬಿಡು," ಅಂದ ರಸೂಲ್. "ನೌಕರಿ ಹೋಗುತ್ತೆ. ಪಿಂಚಣಿ ಏನಾಗುತ್ತೋ ದೇವರಿಗೇ ಗೊತ್ತು. ಆದ್ರೂ ಹೇಳ್ಬಿಡು."

ಎರಡು ವರ್ಷ ಬಾಕಿ ಇತ್ತು ನಿವೃತ್ತಿಗೆ. ನಾಳೆ ಹೇಳೋಣ ಅಂದುಕೊಂಡು ಮನೆಗೆ ಬಂದ. ಮರುದಿನವೂ ನಾಳೆಯೇ. ಮನಸ್ಸು ಸಾವಿರ ನೆಪ ಹೂಡಿತು. ಹದಿನಾಲ್ಕು ಕೋಳಿ ಸತ್ತದ್ದು ಸಂತೆಯಲ್ಲೇ ಅಂಟಿದ ರೋಗ ಇರಬಹುದು. ಹುಂಜ ಒಂದನ್ನು ತಾನೇ ಕೊಯ್ದು ಹೂತರೆ ಸಾಕಲ್ಲ. ಊರಿನವರೆಲ್ಲ ಆರಾಮಾಗೇ ಇದ್ದಾರಲ್ಲ. ಗುರುವಾರ ಸಂಜೆ ಮೊಪೆಡ್ ನಿಲ್ಲಿಸುವಾಗ ಗಂಗರತ್ನಮ್ಮ ಗಂಜಿಯ ಪಾತ್ರೆ ಹಿಡಿದು ಪಕ್ಕದ ಮನೆಗೆ ಹೊರಟಿದ್ದಳು.

"ನಾರಾಯಣಕ್ಕಂಗೆ ಮೂರ್ ದಿನದಿಂದ ಜ್ವರ. ಕಣ್ಣೆಲ್ಲಾ ಕೆಂಪಾಗೈತೆ, ಉಸ್ರು ಎಳ್ಕೊಳಕ್ಕೂ ಆಗ್ತಿಲ್ಲ. ಕೋಳಿ ಓದ ಚಿಂತೆಗೇ ಇಂಗಾಗೈತೆ ಪಾಪ."

ಪಿಳ್ಳಣ್ಣ ಆ ಪಾತ್ರೆಯನ್ನು ಆಕೆಯ ಕೈಯಿಂದ ಕಿತ್ತುಕೊಂಡ. "ಓಗ್ಬೇಡ. ಆ ಮನೆ ಹೊಸ್ಲು ತುಳೀಬೇಡ ಕಣೇ," ಎಂದವನೇ ಪಾತ್ರೆಯನ್ನು ಅಂಗಳದಲ್ಲೇ ಇಟ್ಟ. ಅಲ್ಲಿಂದಲೇ ಮೇಡಂಗೆ ಫೋನು ಮಾಡಿದ. ಅಳುತ್ತಾ ಹೇಳಿದ, ಹೆಂಡತಿ ಎದುರಿಗೇ ಹೇಳಿದ.

ಮೇಡಂ ಬೈಯುತ್ತಾರೆ ಎಂದು ಆತ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎಷ್ಟು ಮನೆ?" ಎಂದು ಮಾತ್ರ ಕೇಳಿದರು.

ನಾರಾಯಣಮ್ಮ ಬದುಕಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಜೀವ ಹಿಡಿದುಕೊಂಡು ಕೂರುವುದು ಬೇಡ. ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ಮೂರು ವಾರ ಬೇರೆ ಕೋಣೆಯಲ್ಲಿಟ್ಟು ನೋಡಿಕೊಂಡರು. ಅದು ಕೋಳಿಯಿಂದಲೇ ಬಂದದ್ದು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಬೇರೆ ಯಾರಿಗೂ ಹತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವರಿಗೆ ನಲ್ಲಿಯಿಂದ ಒಂದು ಬಿಂದಿಗೆ ನೀರು ತರಲೂ ಎರಡು ಸಲ ಕೂರಬೇಕು. ಪಿಳ್ಳಣ್ಣ ಅವರ ಕಾಲ ಬುಡದಲ್ಲಿ ಕೂತು ಎಲ್ಲ ಹೇಳಿದಾಗ ಆ ಜೋರು ಬಾಯಿಯವರು ಮುಖ ಗೋಡೆಯ ಕಡೆ ತಿರುಗಿಸಿದರು. ಈಗ ದಿನಾ ಬೆಳಿಗ್ಗೆ ಅವರ ಬಿಂದಿಗೆ ತುಂಬಿಡುವುದು ಆತನೇ. ಅವರು ಇನ್ನೂ ಮಾತಾಡಿಸಿಲ್ಲ. ಆತನ ನೌಕರಿ ಅಮಾನತಿನಲ್ಲಿದೆ. ಫಾಯಿಜಾ ಮೇಡಂ ಯೋಜನೆ ಮುಚ್ಚಿತು. ತನಿಖೆಯಲ್ಲಿ ಅವರನ್ನು ಇವನಿಗಿಂತ ಹೆಚ್ಚು ಪ್ರಶ್ನೆ ಕೇಳಿದರಂತೆ. ಅದು ಆತನಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತದೆ.

ಆದರೆ ನಾನು ಹೇಳಬೇಕಾದದ್ದು ಶುಕ್ರವಾರದ ಮಾತು.

ಬೆಳಿಗ್ಗೆಯೇ ಬಿಳಿ ಉಡುಪು, ಮುಖಕ್ಕೆ ಮುಸುಕು ಹಾಕಿದವರು ಎರಡು ಗಾಡಿಯಲ್ಲಿ ಬಂದರು; ರಾಜಾನುಕುಂಟೆಯ ತಂಗಿ ಮನೆಗೆ ಬೇರೆ ಗಾಡಿ ಹೋಗಿತ್ತು. ಯಾವ ಮನೆಯಲ್ಲಿ ಎಷ್ಟು ಎಂದು ತೋರಿಸುವ ಕೆಲಸ ಪಿಳ್ಳಣ್ಣನದು. ಹತ್ತು ಮನೆಯ ಬಾಗಿಲಿಗೂ ಹೋಗಿ ನಿಂತ. ವಾರಕ್ಕೆ ಕೊಟ್ಟದ್ದು ಮಾತ್ರವಲ್ಲ, ಊರಿನ ಎಲ್ಲ ಕೋಳಿಯೂ ಹೋಗಬೇಕಿತ್ತು. ಹೆಂಗಸರು ಶಪಿಸಿದರು, ಮಣ್ಣು ತೂರಿದರು. ಒಬ್ಬಾಕೆ, "ನಿನ್ನ ಕರುಣೆಗೆ ಬೆಂಕಿ ಬೀಳ," ಅಂದಳು. ಆತ ತಲೆ ಎತ್ತಲಿಲ್ಲ. ಕೊನೆಗೆ ತನ್ನ ಮನೆ. ಹುಂಜಗಳನ್ನೂ ಹ್ಯಾಟೆಗಳನ್ನೂ ಗಂಗರತ್ನಮ್ಮನೇ ಹೆಸರು ಹಿಡಿದು ಕರೆದಳು. ಆಕೆ ಕರೆದರೆ ಅವು ಓಡಿಬರುತ್ತಿದ್ದವು, ಆವತ್ತೂ ಬಂದವು. ಆಮೇಲೆ ಆಕೆ ಜಗುಲಿಯ ಕಂಬಕ್ಕೆ ಒರಗಿ ಕೂತಳು.

"ಆವತ್ತು ಮೂವತ್ತೊಂದನ್ನೂ ಬೇಯಿಸಿದ್ರೆ ನಿಂಗೆ ಇನ್ನೈದು ಜೀವದ ಪಾಪ ಬತ್ತಿತ್ತು," ಅಂದಳು. "ಇವತ್ತು ಎಷ್ಟಾಯ್ತು?"

ಇನ್ನೂರ ಎಂಟು ಆಗಿತ್ತು. 

ಬಿಳಿ ಉಡುಪಿನವರು ಹಾಳೆ ತುಂಬಿ ಗಾಡಿಯ ಕಡೆ ಹೊರಟರು. ಪಿಳ್ಳಣ್ಣ ಕೈ ತೊಳೆಯಲು ಒಳಗೆ ಹೋದ. ಅಲ್ಲಿ, ದೇವರ ಕೋಣೆಯ ಪಕ್ಕ, ಹಳೆಯ ಕಂಬಳಿ ಹೊದಿಸಿದ ಒಂದು ಮಂಕರಿ ಇತ್ತು. ಅದರೊಳಗಿಂದ ಸಣ್ಣಗೆ ಚೀಂವ್ ಎಂದಿತು.

ಹಿಂದೆ ತಿರುಗಿದ. ಗಂಗರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು.

"ಯಾರೂ ನೋಡಿಲ್ಲ," ಅಂದಳು ಪಿಸುದನಿಯಲ್ಲಿ. "ನಾಳೆ ಒಡೀತವೆ. ಕಾವಿಗ್ ಕೂತಿರೋದ್ನ ಎಬ್ಬಿಸ್ಬೇಡ ಕಣೋ... ಇದೊಂದ್ ಬಿಟ್ಬಿಡು."

ಒಳಗೆ ಒಂದು ಕೂಗಿತು, ಪಕ್ಕದ್ದು ಕೂಗಿತು. ಕೋಳಿ ಗುಟುರು ಹಾಕಿ ಅವಕ್ಕೆ ಉತ್ತರ ಕೊಟ್ಟಿತು. ಪಿಳ್ಳಣ್ಣ ಜೋರಾಗಿ ಕೆಮ್ಮಿದ. ಮತ್ತೆ ಕೆಮ್ಮಿದ. ಕೆಮ್ಮುತ್ತಲೇ ಬಗ್ಗಿ, ಮಂಕರಿಯನ್ನು ಕಂಬಳಿ ಸಮೇತ ಎತ್ತಿಕೊಂಡು, ಹೆಂಡತಿಯ ಪಕ್ಕದಿಂದ ದಾಟಿ ಅಂಗಳಕ್ಕೆ ಬಂದು, "ಸಾರ್, ಇನ್ನೊಂದಿದೆ," ಎಂದು ಕೂಗಿದ.

ಹಾಳೆ ಹಿಡಿದವನು ವಾಪಸು ಬಂದ. "ಎಷ್ಟಿದೆ?"

"ಒಂದು ಕೋಳಿ. ಒಂಬತ್ತು ಮೊಟ್ಟೆ."

"ಬರಡಾ, ಜೀವ ಇರೋದಾ? ಬೇರೆ ಬೇರೆ ಕಾಲಂ ಇದೆ. ಬಲ್ಬಿಗೆ ಹಿಡಿದು ನೋಡಬೇಕಾಗುತ್ತೆ."

ಪಿಳ್ಳಣ್ಣ ಕೋಳಿಯ ಕೆಳಗೆ ಕೈ ಹಾಕಿ ಒಂದೊಂದನ್ನೂ ಮುಟ್ಟಿದ. ಅವು ಬೆಚ್ಚಗಿದ್ದವು, ಬೆರಳಿನಡಿ ಮಿಸುಕುತ್ತಿದ್ದವು.

"ಬಲ್ಬು ಬೇಡ ಸಾರ್," ಅಂದ. "ಜೀವ ಇದೆ. ಒಂಬತ್ತರಲ್ಲೂ ಇದೆ. ಹಂಗೇ ಬರ್ಕೊಳ್ಳಿ, ಸಹಿ ಹಾಕ್ತೀನಿ."